ಸೌರ ಪಂಪ್‌ಸೆಟ್‌ಗೆ ಅರ್ಜಿ ಹಾಕುವ ಮೊದಲು ಬೋರಿನ ಲೆಕ್ಕ: ಹಿರಿಯೂರು ತಾಲ್ಲೂಕಿನ ತೋಟದಲ್ಲಿ ನನ್ನ ಅನುಭವ

ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ 2008ರಿಂದ ವಿದ್ಯುತ್ ಉಚಿತವಾಗಿದೆ. ಬಿಲ್ ಬಾರದ ಕಾರಣ ಪಂಪು ಎಷ್ಟು ವಿದ್ಯುತ್ ತಿನ್ನುತ್ತದೆ, ಅದರಲ್ಲಿ ಎಷ್ಟು ಪಾಲು ನಿಜವಾಗಿ ನೀರೆತ್ತುವುದಕ್ಕೆ ಸಲ್ಲುತ್ತದೆ ಎಂದು ನಮ್ಮಲ್ಲಿ ಯಾರೂ ಅಳೆದು ನೋಡುವುದಿಲ್ಲ. ನಾನು ಅಳೆದದ್ದು ಎರಡನೆಯ ಕೊಳವೆ ಬಾವಿಗೆ ಸೌರ ಪಂಪ್‌ಸೆಟ್ ಹಾಕಿಸುವ ಸಂದರ್ಭ ಬಂದಾಗ. ಆ ಅಳತೆಯೇ ಉಳಿದೆಲ್ಲ ತೀರ್ಮಾನಗಳನ್ನು ನಿರ್ಧರಿಸಿತು. ಆದ್ದರಿಂದ ಸಹಾಯಧನದ ವಿಷಯಕ್ಕಿಂತ ಮೊದಲು ಅದನ್ನೇ ಬರೆಯುತ್ತೇನೆ.

ನನ್ನ ಹಳೆಯ ಬೋರಿಗೆ ಬೆಸ್ಕಾಂ ಸಂಪರ್ಕವಿದ್ದು, 7.5 ಎಚ್‌ಪಿ ಸಬ್‌ಮರ್ಸಿಬಲ್ ಪಂಪು ಇತ್ತು. ವಿದ್ಯುತ್ ಕೆಲಸ ಬಲ್ಲ ಗೆಳೆಯರೊಬ್ಬರು ಕ್ಲ್ಯಾಂಪ್ ಮೀಟರ್ ಹಿಡಿದು ಮೂರೂ ಫೇಸ್‌ಗಳ ಆಂಪಿಯರ್ ಮತ್ತು ವೋಲ್ಟೇಜ್ ನೋಡಿ, ಪಂಪು ಸುಮಾರು 6.2 ಕಿಲೋವಾಟ್ ಎಳೆಯುತ್ತಿದೆ ಎಂದು ಲೆಕ್ಕ ಹಾಕಿದರು. ನೀರು ಬರುತ್ತಿದ್ದದ್ದು ಸೆಕೆಂಡಿಗೆ 2 ಲೀಟರ್. ಪಂಪು ನಡೆಯುವಾಗಿನ ನೀರಿನ ಮಟ್ಟ, ಪೈಪಿನ ಘರ್ಷಣೆ ಮತ್ತು ಹನಿ ನೀರಾವರಿಗೆ ಬೇಕಾದ ಒತ್ತಡ ಮೂರನ್ನೂ ಕೂಡಿಸಿದರೆ ಒಟ್ಟು ಎತ್ತರ ಸುಮಾರು 90 ಮೀಟರ್. ಸೆಕೆಂಡಿಗೆ ಎಷ್ಟು ಲೀಟರ್ ಎಂಬುದನ್ನು ಮೀಟರ್‌ಗಳಲ್ಲಿನ ಎತ್ತರದಿಂದ ಗುಣಿಸಿ, ಬಂದದ್ದನ್ನು ಮತ್ತೆ 9.81ರಿಂದ ಗುಣಿಸಿದರೆ ನೀರೆತ್ತಲು ಸಂದ ಶಕ್ತಿ ವಾಟ್‌ಗಳಲ್ಲಿ ಸಿಗುತ್ತದೆ. ನನ್ನ ಬೋರಿನಲ್ಲಿ ಅದು 1,766 ವಾಟ್, ಅಂದರೆ ಎಳೆದ ವಿದ್ಯುತ್ತಿನಲ್ಲಿ ನೂರಕ್ಕೆ 28 ಭಾಗ ಮಾತ್ರ. ಉಳಿದದ್ದೆಲ್ಲ ಶಾಖವಾಗಿ, ಸವೆದ ಇಂಪೆಲ್ಲರ್‌ಗಳಲ್ಲಿ ಮತ್ತು ಹಲವು ಬಾರಿ ರೀವೈಂಡಿಂಗ್ ಕಂಡ ಮೋಟಾರಿನಲ್ಲಿ ಕರಗಿಹೋಗುತ್ತಿತ್ತು.

ಇದು ನನ್ನೊಬ್ಬನ ತೋಟದ ಕಥೆಯಲ್ಲ. ರಾಜ್ಯದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಪಂಪ್‌ಸೆಟ್‌ಗಳಿವೆ. ಬಳಕೆಯಾಗುವ ವಿದ್ಯುತ್ತಿನಲ್ಲಿ ಸುಮಾರು ಮೂರನೆಯ ಒಂದು ಭಾಗ ಅವುಗಳಿಗೇ ಹೋಗುತ್ತದೆ. ಅದರ ಹಣವನ್ನು ಸರ್ಕಾರ ಎಸ್ಕಾಂಗಳಿಗೆ, ಅಂದರೆ ವಿದ್ಯುತ್ ಸರಬರಾಜು ಕಂಪನಿಗಳಿಗೆ, ಸಹಾಯಧನವಾಗಿ ತುಂಬಿಕೊಡುತ್ತದೆ. ಹಳೆಯ ಪಂಪುಗಳನ್ನು ಬದಲಿಸಿಕೊಡುವ ಕಾರ್ಯಕ್ರಮಗಳು ಮಂಡ್ಯ ಜಿಲ್ಲೆಯಲ್ಲಿಯೂ ದೊಡ್ಡಬಳ್ಳಾಪುರದ ಕಡೆಯೂ ನಡೆದಿವೆ. ಅವು ರಾಜ್ಯದ ಎಲ್ಲ ಫೀಡರ್‌ಗಳಿಗೆ (ಹಳ್ಳಿಗಳಿಗೆ ಕರೆಂಟು ತರುವ ಲೈನ್‌ಗಳಿಗೆ) ಹಬ್ಬಬೇಕಿತ್ತು ಎಂಬುದು ನನ್ನ ದೃಢ ಅಭಿಪ್ರಾಯ. ನನ್ನ ಹಳೆಯ ಬೋರಿಗೆ ನಾನು ಸ್ವಂತ ಖರ್ಚಿನಲ್ಲಿ ಬಿಇಇ ಸ್ಟಾರ್ ಗುರುತಿನ (ವಿದ್ಯುತ್ ಉಳಿತಾಯಕ್ಕೆ ಕೇಂದ್ರದ ಸಂಸ್ಥೆ ಕೊಡುವ ಗುರುತು) 5 ಎಚ್‌ಪಿ ಪಂಪು ಇಳಿಸಿದೆ. ಅಷ್ಟೇ ನೀರನ್ನು ಅದು ಸುಮಾರು 3.9 ಕಿಲೋವಾಟ್‌ನಲ್ಲಿ ಎತ್ತುತ್ತದೆ. ಬಿಲ್ ಇಲ್ಲದಿರುವುದರಿಂದ ಹಣದ ಉಳಿತಾಯವೇನೂ ನನಗೆ ಕಾಣಲಿಲ್ಲ. ಆದರೆ ಕಡಿಮೆ ಆಂಪಿಯರ್ ಎಳೆಯುವ ಮೋಟಾರು ವೋಲ್ಟೇಜ್ ಕುಸಿದಾಗಲೂ ತಾಳಿಕೊಳ್ಳುತ್ತದೆ, ಟಿಸಿಯ (ಟ್ರಾನ್ಸ್‌ಫಾರ್ಮರ್‌ನ) ಮೇಲಿನ ಹೊರೆ ಇಳಿಯುತ್ತದೆ, ರೀವೈಂಡಿಂಗ್ ಅಂಗಡಿಗೆ ಅಲೆಯುವುದು ತಪ್ಪುತ್ತದೆ.

ಹೊಸ ಬೋರು ಇರುವುದು ಹಳ್ಳದ ಆಚೆ. ಹತ್ತಿರದ ಟಿಸಿಯಿಂದ ಅದು ಸುಮಾರು ಒಂದು ಕಿಲೋಮೀಟರ್ ದೂರ. ಟ್ರಾನ್ಸ್‌ಫಾರ್ಮರ್‌ನಿಂದ 500 ಮೀಟರ್‌ಗಿಂತ ಆಚೆಗಿರುವ ಪಂಪ್‌ಸೆಟ್‌ಗಳಿಗೆ ಲೈನ್ ಎಳೆಯುವ ಬದಲು ಸೌರ ಪಂಪ್‌ಸೆಟ್ ಕೊಡಬೇಕೆಂಬುದು ರಾಜ್ಯ ಸರ್ಕಾರದ ನೀತಿ. ಕೇಂದ್ರದ ಪಿಎಂ-ಕುಸುಮ್ ಯೋಜನೆಯ ಬಿ ಘಟಕದಡಿ, ಅಂದರೆ ಗ್ರಿಡ್‌ಗೆ ಜೋಡಿಸದ ಸೌರ ಪಂಪ್‌ಸೆಟ್‌ಗಳ ಭಾಗದಡಿ, ವೆಚ್ಚದಲ್ಲಿ ಕೇಂದ್ರ ನೂರಕ್ಕೆ 30 ಭಾಗ ಕೊಡುತ್ತದೆ. ರಾಜ್ಯ ತನ್ನ ಪಾಲನ್ನು 30ರಿಂದ 50ಕ್ಕೆ ಏರಿಸಿದ್ದರಿಂದ ರೈತನಿಗೆ ಉಳಿಯುವುದು 20 ಭಾಗ. ಇದನ್ನು ನಡೆಸುವ ಸಂಸ್ಥೆ ಕ್ರೆಡಲ್, ಅಂದರೆ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತ. ಅರ್ಜಿ ಸಲ್ಲಿಸುವುದು ಸೌರಮಿತ್ರ ಜಾಲತಾಣದಲ್ಲಿ. ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಇವೆಲ್ಲ ಸಿದ್ಧವಿದ್ದರೆ ಅರ್ಜಿಯ ಕೆಲಸ ಕಷ್ಟದ್ದಲ್ಲ. ಕಷ್ಟವಿರುವುದು ಎಷ್ಟು ಎಚ್‌ಪಿ ಎಂದು ತುಂಬುವ ಒಂದೇ ಒಂದು ಜಾಗದಲ್ಲಿ.

ಊರಿನವರೆಲ್ಲರ ಸಲಹೆ 7.5 ಎಚ್‌ಪಿ ಹಾಕು ಎಂಬುದಾಗಿತ್ತು. ಕೇಂದ್ರದ ಸಹಾಯಧನ ಅಲ್ಲಿಯವರೆಗೂ ಸಿಗುವಾಗ ದೊಡ್ಡದನ್ನೇ ಪಡೆಯಬೇಕೆಂಬ ಆಸೆ ಸಹಜವಾದುದೇ. ಆದರೆ ಯೋಜನೆಯ ಮಾರ್ಗಸೂಚಿಯೇ ಅಂತರ್ಜಲದ ಮಟ್ಟ, ಜಮೀನಿನ ವಿಸ್ತೀರ್ಣ ಮತ್ತು ಬೇಕಾದ ನೀರಿನ ಪ್ರಮಾಣ ನೋಡಿ ಪಂಪನ್ನು ಆರಿಸಬೇಕೆಂದು ಹೇಳುತ್ತದೆ. ನಾನು ಬೇಸಿಗೆಯ ಕೊನೆಯಲ್ಲಿ, ನೀರು ಅತ್ಯಂತ ಕೆಳಗಿರುವಾಗ, ಬಾಡಿಗೆ ಪಂಪು ಮತ್ತು ಜನರೇಟರ್ ತರಿಸಿ ದಿನವಿಡೀ ನೀರೆತ್ತಿಸಿ ಬೋರಿನ ಶಕ್ತಿಯನ್ನು ಪರೀಕ್ಷಿಸಿದೆ. ಮೊದಲ ಗಂಟೆಯ ನೀರನ್ನು ನಂಬಬಾರದು, ಅದು ಬೋರಿನೊಳಗೆ ಮೊದಲೇ ನಿಂತಿದ್ದ ನೀರು. ಮಧ್ಯಾಹ್ನದ ಹೊತ್ತಿಗೆ 200 ಲೀಟರ್ ಡ್ರಮ್ಮು ತುಂಬಲು ಎರಡೂ ಕಾಲು ನಿಮಿಷ ಹಿಡಿಯುತ್ತಿತ್ತು ಮತ್ತು ನೀರಿನ ಮಟ್ಟ ಸುಮಾರು 210 ಅಡಿಯಲ್ಲಿ, ಅಂದರೆ 65 ಮೀಟರ್ ಆಸುಪಾಸಿನಲ್ಲಿ ನಿಂತಿತ್ತು. ಸೆಕೆಂಡಿಗೆ ಒಂದೂವರೆ ಲೀಟರ್: ಈ ಬೋರು ಸಂಜೆವರೆಗೂ ಕೊಡಬಲ್ಲದ್ದು ಅಷ್ಟೇ.

ಪೈಪಿನ ಘರ್ಷಣೆಗೆ 5 ಮೀಟರ್, ಹನಿ ನೀರಾವರಿಯ ಒತ್ತಡಕ್ಕೆ 10 ಮೀಟರ್ ಸೇರಿಸಿದರೆ ಒಟ್ಟು ಎತ್ತರ 80 ಮೀಟರ್. ಮೇಲಿನ ಸೂತ್ರದ ಪ್ರಕಾರ ಸುಮಾರು 1.2 ಕಿಲೋವಾಟ್, ಪಂಪು ಮತ್ತು ಮೋಟಾರಿನ ಒಟ್ಟು ದಕ್ಷತೆ ನೂರಕ್ಕೆ 45 ಎಂದಿಟ್ಟುಕೊಂಡರೆ ಬೇಕಾದ ವಿದ್ಯುತ್ 2.6 ಕಿಲೋವಾಟ್. 3 ಎಚ್‌ಪಿ ಪಂಪಿಗೆ ಯೋಜನೆಯಲ್ಲಿ 3,000 ವಾಟ್ ಫಲಕಗಳು ಬರುತ್ತವೆ, 5 ಎಚ್‌ಪಿಗೆ 4,800, 7.5 ಎಚ್‌ಪಿಗೆ 6,750. ಫಲಕದ ಹಿಂಬದಿಯಲ್ಲಿ ಬರೆದಿರುವ ವಾಟ್ ಪ್ರಯೋಗಶಾಲೆಯ ಲೆಕ್ಕವಾಗಿದ್ದು, ನಮ್ಮ ಬಿಸಿಲಿನ ಕಾವು ಮತ್ತು ಧೂಳಿನಲ್ಲಿ ಅದರ ಮುಕ್ಕಾಲು ಪಾಲು ಸಿಕ್ಕರೆ ಸರಿ. ಹಾಗೆ ನೋಡಿದರೆ 3 ಎಚ್‌ಪಿಯ ಫಲಕಗಳು ನಡುಮಧ್ಯಾಹ್ನದಲ್ಲಿಯೂ ನನಗೆ ಸಾಲವು. 5 ಎಚ್‌ಪಿಯವು ಬೆಳಿಗ್ಗೆ ಒಂಬತ್ತೂವರೆಯಿಂದ ಎರಡೂವರೆ ಮೂರರವರೆಗೆ ಸಾಕಾಗುತ್ತವೆ. 7.5 ಎಚ್‌ಪಿ ಹಾಕಿದ್ದರೆ ಬೋರಿನಲ್ಲಿ ಊರುವುದಕ್ಕಿಂತ ಹೆಚ್ಚು ನೀರನ್ನು ಅದು ಎಳೆದು, ನೀರು ತೀರಿದಾಗ ಕಂಟ್ರೋಲರ್ ತಾನಾಗಿ ನಿಲ್ಲಿಸಿ, ಮತ್ತೆ ಚಾಲೂ ಮಾಡಿ, ಒಳ್ಳೆಯ ಬಿಸಿಲಿನ ಹೊತ್ತೆಲ್ಲ ಹಾಗೆಯೇ ಕಳೆಯುತ್ತಿತ್ತು. ನಾನು 5 ಎಚ್‌ಪಿ ಎಂದು ತುಂಬಿದೆ.

ಸೌರ ಪಂಪಿನ ಸ್ವಭಾವವೊಂದನ್ನು ಗ್ರಿಡ್ ಪಂಪಿಗೆ ಒಗ್ಗಿದವರು ತಿಳಿದಿರಬೇಕು. ಬಿಸಿಲು ಅರ್ಧಕ್ಕಿಳಿದರೆ ನೀರು ಅರ್ಧಕ್ಕಿಳಿಯುವುದಿಲ್ಲ, ಕೆಲವೊಮ್ಮೆ ಪೂರ್ತಿ ನಿಲ್ಲುತ್ತದೆ. ಪಂಪು ಎಷ್ಟು ಎತ್ತರಕ್ಕೆ ತಳ್ಳಬಲ್ಲದು ಎಂಬುದು ಮೋಟಾರಿನ ವೇಗದ ವರ್ಗಕ್ಕೆ ಅನುಗುಣವಾಗಿ ಕುಗ್ಗುತ್ತದೆ. ಆದ್ದರಿಂದ ಮುಂಜಾನೆಯ ಎಳೆ ಬಿಸಿಲಿನಲ್ಲಿ ಮೋಟಾರು ತಿರುಗುತ್ತಿದ್ದರೂ ನೀರು ಪೈಪಿನ ನಡುವೆಯೇ ನಿಂತಿರುತ್ತದೆ. ಅದು ದೋಷವಲ್ಲ. ಪಂಪಿನ ಸ್ಟೇಜ್‌ಗಳನ್ನು (ಒಂದರ ಮೇಲೊಂದು ಕೂರುವ ಇಂಪೆಲ್ಲರ್‌ಗಳ ಹಂತಗಳನ್ನು) ನಿಮ್ಮ ನಿಜವಾದ ಎತ್ತರಕ್ಕೆ ಹೊಂದಿಸಿಯೇ ಕೊಡಬೇಕೆಂದು ಪೂರೈಕೆದಾರರಿಂದ ಕೇಳಿ ಪಡೆಯಬೇಕು, ಯಾವ ಎತ್ತರಕ್ಕೆ ಎಷ್ಟು ನೀರು ಎಂದು ತೋರಿಸುವ ಪಂಪಿನ ಕರ್ವ್ ಇರುವ ಹಾಳೆಯನ್ನು ಬಿಡದೆ ಕೇಳಬೇಕು. ನನಗೆ ಮೊದಲು ತಂದದ್ದು 50 ಮೀಟರ್ ಎತ್ತರದ ಪಂಪು. ಪರೀಕ್ಷೆಯ ಅಂಕಿಗಳನ್ನು ತೋರಿಸಿದ ಮೇಲೆ ಬದಲಿಸಿಕೊಟ್ಟರು.

ಇದಕ್ಕೆ ತಕ್ಕಂತೆ ಹನಿ ನೀರಾವರಿಯನ್ನೂ ಮರುಜೋಡಿಸಿದೆ. ಎರಡು ಎಕರೆಯಲ್ಲಿ ಸುಮಾರು 600 ದಾಳಿಂಬೆ ಗಿಡಗಳಿದ್ದು, ಗಿಡಕ್ಕೆ ಗಂಟೆಗೆ 4 ಲೀಟರಿನ ನಾಲ್ಕು ಡ್ರಿಪ್ಪರ್‌ಗಳಿವೆ. ಇಡೀ ತೋಟಕ್ಕೆ ಒಮ್ಮೆಲೇ ಬಿಡಲು ಗಂಟೆಗೆ 9,600 ಲೀಟರ್ ಬೇಕು. ಬೋರು ಕೊಡುವುದು 5,400. ತೋಟವನ್ನು ನಾಲ್ಕು ವಾಲ್ವ್‌ಗಳಿಗೆ ಹಂಚಿ, ಬಿಸಿಲು ಎಳೆಯದಾಗಿದ್ದಾಗ ಒಂದನ್ನೂ ಬಲಿತ ಮೇಲೆ ಎರಡನ್ನೂ ತೆರೆಯುತ್ತೇವೆ. ಎರಡು ವಾಲ್ವ್ ಎರಡೂವರೆ ಗಂಟೆ ನಡೆದರೆ ಆ ಅರ್ಧ ತೋಟದ ಪ್ರತಿ ಗಿಡಕ್ಕೂ 40 ಲೀಟರ್ ಸಿಗುತ್ತದೆ. ಐದು ಗಂಟೆಯಲ್ಲಿ ಇಡೀ ತೋಟ ಮುಗಿಯುತ್ತದೆ, ಅದೂ ಹಗಲಿನಲ್ಲಿಯೇ. ರಾತ್ರಿ ಪಾಳಿಯ ಕರೆಂಟಿಗೆ ಟಾರ್ಚ್ ಹಿಡಿದು, ಹಾವು ಹುಪ್ಪಟೆಯ ಭಯದಲ್ಲಿ ಸ್ಟಾರ್ಟರ್ ಪೆಟ್ಟಿಗೆಯ ಬಳಿಗೆ ಹೋಗುವ ಅಗತ್ಯ ಆ ಜಮೀನಿನಲ್ಲಿ ಇಲ್ಲ. ನನ್ನ ಮಟ್ಟಿಗೆ ಯೋಜನೆಯ ಅತ್ಯಂತ ದೊಡ್ಡ ಫಲ ಇದೇ.

ಫಲಕಗಳನ್ನು ದಕ್ಷಿಣಕ್ಕೆ ಮುಖ ಮಾಡಿ, ನಮ್ಮ ಅಕ್ಷಾಂಶಕ್ಕೆ ಒಪ್ಪುವಂತೆ ಸುಮಾರು 15 ಡಿಗ್ರಿ ಓರೆಯಾಗಿ ಕೂರಿಸಿದ್ದೇವೆ. ನಮ್ಮ ಕಡೆ ಆಷಾಢದ ಗಾಳಿ ಜೋರು. ಕಂಬಗಳ ಕಾಂಕ್ರೀಟ್ ಗುಂಡಿಯನ್ನು ತೋಡುವಾಗ ನಾನು ಪಕ್ಕದಲ್ಲಿಯೇ ನಿಂತಿದ್ದೆ, ನೀವೂ ನಿಲ್ಲಿ. ಸಿಡಿಲು ಬಂಧಕಕ್ಕೆ ಮತ್ತು ಕಂಟ್ರೋಲರ್‌ಗೆ ಬೇರೆ ಬೇರೆ ಅರ್ಥಿಂಗ್ ಗುಂಡಿಗಳಿರಬೇಕು. ಧೂಳನ್ನು ಬೆಳಗಿನ ತಂಪಿನಲ್ಲಿ ಬರೀ ನೀರಿನಿಂದ ತೊಳೆಯಬೇಕು. ಕಾದ ಗಾಜಿನ ಮೇಲೆ ತಣ್ಣೀರು ಬೀಳಬಾರದು.

ಎರಡು ವಿಷಯಗಳು ನನ್ನನ್ನು ಇನ್ನೂ ಕಾಡುತ್ತವೆ. ಬಹಾರ್‌ಗೆ, ಅಂದರೆ ಹೂ ಬಿಡಿಸುವ ಹಂಗಾಮಿಗೆ, ಮುನ್ನ ದಾಳಿಂಬೆಗೆ ವಾರಗಟ್ಟಲೆ ನೀರು ನಿಲ್ಲಿಸಿದಾಗ ಫಲಕಗಳು ಸುಮ್ಮನೆ ಬಿಸಿಲು ಕಾಯುತ್ತವೆ. ಯೂನಿವರ್ಸಲ್ ಕಂಟ್ರೋಲರ್ ಇದ್ದರೆ ಅದೇ ವಿದ್ಯುತ್ತಿನಿಂದ ಮೇವು ಕತ್ತರಿಸುವ ಯಂತ್ರವನ್ನೋ ಹಿಟ್ಟಿನ ಗಿರಣಿಯನ್ನೋ ನಡೆಸಬಹುದು. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಸೂರ್ಯ ರೈತ ಯೋಜನೆಯಡಿ ಪಂಪ್‌ಸೆಟ್‌ಗಳನ್ನು ಗ್ರಿಡ್‌ಗೆ ಜೋಡಿಸಿ, ಮಿಕ್ಕ ವಿದ್ಯುತ್ತನ್ನು ರೈತರಿಂದ ಕೊಳ್ಳುವ ವ್ಯವಸ್ಥೆಯನ್ನು ರಾಜ್ಯ ಹಿಂದೆಯೇ ಮಾಡಿತ್ತು. ಲೈನ್ ಹತ್ತಿರವಿರುವ ಜಮೀನುಗಳಿಗೆ ಅಂಥ ದಾರಿಯೇ ಸರಿ, ಏಕೆಂದರೆ ಮಾರಲು ಅವಕಾಶವಿದ್ದಾಗ ಮಾತ್ರ ರೈತನಿಗೆ ಪಂಪು ನಿಲ್ಲಿಸಲು ಕಾರಣ ಸಿಗುತ್ತದೆ. ಎರಡನೆಯದು ಅಂತರ್ಜಲ. ಬಿಸಿಲಿಗೂ ಬಿಲ್ ಇಲ್ಲ, ಲೈನ್ ತೆಗೆಯುವ ವೇಳಾಪಟ್ಟಿಯೂ ಇಲ್ಲ. ಅಳತೆಯಿಲ್ಲದೆ ದೊಡ್ಡ ಪಂಪು ಹಾಕಿದರೆ ಅದು ಉಚಿತ ವಿದ್ಯುತ್ತಿಗಿಂತ ವೇಗವಾಗಿ ಬೋರನ್ನು ಬತ್ತಿಸಬಲ್ಲದು. ನಾನು ಪೈಪಿಗೆ ನೀರಿನ ಮೀಟರ್ ಹಾಕಿಸಿ ದಿನದ ಅಂಕಿಯನ್ನು ಬರೆದಿಡುತ್ತೇನೆ, ತಿಂಗಳಿಗೊಮ್ಮೆ ನೀರಿನ ಮಟ್ಟವನ್ನು ಅಳೆಯುತ್ತೇನೆ.

ಯೋಜನೆಯ ಪಂಪ್‌ಸೆಟ್‌ಗಳ ಐದು ವರ್ಷದ ನಿರ್ವಹಣೆ ಪೂರೈಕೆದಾರರ ಹೊಣೆ. ಆ ಅವಧಿಯಲ್ಲಿ ಕಂಟ್ರೋಲರ್‌ನಲ್ಲಿ ಕಾಣುವ ದೋಷದ ಸಂಕೇತವನ್ನು ಮೊಬೈಲಿನಲ್ಲಿ ಚಿತ್ರ ತೆಗೆದು, ದೂರನ್ನು ಲಿಖಿತವಾಗಿಯೇ ಕಳುಹಿಸಿ. ಬಾಯಿಮಾತಿನ ದೂರಿಗೆ ಬಾರದ ಮೆಕ್ಯಾನಿಕ್ ಚಿತ್ರ ಮತ್ತು ನೀರಿನ ಅಂಕಿಗಳಿರುವ ಪತ್ರಕ್ಕೆ ಬಂದದ್ದನ್ನು ನಾನು ಕಂಡಿದ್ದೇನೆ.