ಜರ್ಮನಿಯ ಬಾಡಿಗೆ ಮನೆ ಮತ್ತು ಅದನ್ನು ಬೆಚ್ಚಗಿಡುವ ಲೆಕ್ಕ

ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಹೋದವರು ಮೊದಲು ಕೇಳುವುದು ನೀರಿನ ವಿಚಾರ: ಕಾವೇರಿ ಬರುತ್ತದೆಯೇ, ಬೋರ್‌ವೆಲ್ ಇದೆಯೇ ಎಂದು. ಜರ್ಮನಿಯಲ್ಲಿ ಅಷ್ಟೇ ಮುಖ್ಯವಾದ ಪ್ರಶ್ನೆ ಬೇರೆ. ಈ ಮನೆಯನ್ನು ಬೆಚ್ಚಗಿಡಲು ಏನನ್ನು ಉರಿಸುತ್ತಾರೆ, ವರ್ಷಕ್ಕೆ ಎಷ್ಟು ಉರಿಸುತ್ತಾರೆ ಎಂಬುದನ್ನು ಇಲ್ಲಿ ಕೇಳಬೇಕು. ಹೊಸದಾಗಿ ಬಂದ ಕನ್ನಡಿಗರಲ್ಲಿ ಹೆಚ್ಚಿನವರು ಇದನ್ನು ಕೇಳದೆ ಸಹಿ ಹಾಕುತ್ತಾರೆ, ಅದರ ಉತ್ತರವನ್ನು ಒಂದೂವರೆ ವರ್ಷದ ನಂತರ ಅಂಚೆಯಲ್ಲಿ ಬರುವ ಲೆಕ್ಕಪತ್ರದಿಂದ ತಿಳಿದುಕೊಳ್ಳುತ್ತಾರೆ.

ಕಲ್ಲಿದ್ದಲು, ಅನಿಲ, ತೈಲ ಮತ್ತು ಪರಮಾಣು ಶಕ್ತಿಯಿಂದ ಹೊರಬರುವ ಪ್ರಯತ್ನವನ್ನು ಜರ್ಮನರು ಎನರ್ಗೀವೆಂಡೆ, ಅಂದರೆ ಇಂಧನದ ತಿರುವು, ಎಂದು ಕರೆಯುತ್ತಾರೆ. ನವೀಕರಿಸಬಹುದಾದ ಇಂಧನದ ಕಾಯ್ದೆ 2000ದ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಉಳಿದಿದ್ದ ಮೂರು ಪರಮಾಣು ಸ್ಥಾವರಗಳು 2023ರ ಏಪ್ರಿಲ್ 15ರಂದು ನಿಂತವು. ಅದೇ ವರ್ಷ ದೇಶದಲ್ಲಿ ಬಳಕೆಯಾದ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಗಾಳಿ, ಬಿಸಿಲು ಮುಂತಾದ ಮೂಲಗಳಿಂದ ಬಂತು. ಆದರೆ ವಿದ್ಯುತ್ತಿನಲ್ಲಿ ಕಂಡ ಈ ವೇಗ ಮನೆ ಬೆಚ್ಚಗಿಡುವುದರಲ್ಲಿ ಇಲ್ಲ. ಸುಮಾರು ಅರ್ಧದಷ್ಟು ಮನೆಗಳಲ್ಲಿ ಇಂದಿಗೂ ಉರಿಯುವುದು ಅನಿಲವೇ, ಮತ್ತು ಬಾಡಿಗೆದಾರನ ಜೇಬಿಗೆ ಈ ತಿರುವು ತಟ್ಟುವುದೂ ಅಲ್ಲೇ.

ಜಾಹೀರಾತಿನಲ್ಲಿ ಎರಡು ಬಾಡಿಗೆಗಳು ಕಾಣುತ್ತವೆ. ಕಾಲ್ಟ್‌ಮೀಟೆ, ಅಂದರೆ ತಣ್ಣನೆಯ ಬಾಡಿಗೆ, ಗೋಡೆ ಮತ್ತು ಸೂರಿಗೆ ಮಾತ್ರ ಸಲ್ಲುವಂಥದು. ವಾರ್ಮ್‌ಮೀಟೆ, ಅಂದರೆ ಬೆಚ್ಚನೆಯ ಬಾಡಿಗೆ, ಹೀಟಿಂಗ್, ನೀರು, ಕಸ ಇತ್ಯಾದಿಗಳಿಗೆ ತಿಂಗಳು ತಿಂಗಳು ಕೊಡುವ ಮುಂಗಡವನ್ನೂ ಸೇರಿಸಿಕೊಂಡದ್ದು. ಇದು ಮುಂಗಡ ಮಾತ್ರ, ನಿಗದಿಯಾದ ದರವಲ್ಲ ಎಂಬುದನ್ನು ಮರೆಯಬಾರದು. ಮನೆ ಬೇಗ ಹೋಗಲಿ ಎಂದು ಮಾಲೀಕರು ಇದನ್ನು ಕಡಿಮೆ ತೋರಿಸಿದ್ದರೆ, ಕೊರತೆಯಷ್ಟೂ ವರ್ಷದ ಲೆಕ್ಕದಲ್ಲಿ ನಿಮ್ಮ ಮೇಲೆ ಬೀಳುತ್ತದೆ.

ಇದನ್ನು ಮೊದಲೇ ಅಂದಾಜು ಮಾಡಲು ಇರುವ ಸಾಧನ ಎನರ್ಗೀ ಔಸ್‌ವೈಸ್, ಅಂದರೆ ಕಟ್ಟಡದ ಇಂಧನ ಪ್ರಮಾಣಪತ್ರ. ಹತ್ತು ವರ್ಷ ಸಿಂಧುವಾಗಿರುವ ಈ ಪತ್ರವನ್ನು ಮನೆ ತೋರಿಸುವ ಹೊತ್ತಿಗಾದರೂ, ನೀವು ಕೇಳದಿದ್ದರೂ, ಮಾಲೀಕರು ಮುಂದಿಡಬೇಕೆಂದು ಕಾನೂನು ಹೇಳುತ್ತದೆ. ಸಂರಕ್ಷಿತ ಪಾರಂಪರಿಕ ಕಟ್ಟಡಗಳಿಗೆ ವಿನಾಯಿತಿಯಿದೆ. ಅದರಲ್ಲಿ ಎ ಪ್ಲಸ್‌ನಿಂದ ಎಚ್‌ವರೆಗಿನ ದರ್ಜೆಯೂ, ಒಂದು ಚದರ ಮೀಟರಿಗೆ ವರ್ಷಕ್ಕೆ ಎಷ್ಟು ಕಿಲೋವ್ಯಾಟ್ ಅವರ್ ಬೇಕು ಎಂಬ ಸಂಖ್ಯೆಯೂ ಇರುತ್ತವೆ. ದರ್ಜೆಗಿಂತ ಈ ಸಂಖ್ಯೆಯೇ ಹೆಚ್ಚು ಉಪಯುಕ್ತ. ಎಪ್ಪತ್ತು ಚದರ ಮೀಟರಿನ ಎರಡು ಮನೆಗಳನ್ನು ಊಹಿಸಿಕೊಳ್ಳಿ: ಒಂದರ ಸಂಖ್ಯೆ 60, ಅದು ಬಿ ದರ್ಜೆ; ಇನ್ನೊಂದರದು 220, ಅದು ಜಿ ದರ್ಜೆ. ಮೊದಲನೆಯದಕ್ಕೆ ವರ್ಷಕ್ಕೆ 4,200 ಯೂನಿಟ್, ಎರಡನೆಯದಕ್ಕೆ 15,400 ಯೂನಿಟ್ ಬೇಕು. ಅನಿಲದ ದರವನ್ನು ಯೂನಿಟ್ಟಿಗೆ 12 ಸೆಂಟ್ ಎಂದು ಹಿಡಿದರೆ ಮೊದಲ ಮನೆಗೆ ಸುಮಾರು 500 ಯೂರೋ, ಎರಡನೆಯದಕ್ಕೆ 1,850 ಯೂರೋ ಆಗುತ್ತದೆ; ಅಂದರೆ ತಿಂಗಳಿಗೆ ನೂರಹತ್ತು ಯೂರೋಗೂ ಹೆಚ್ಚಿನ ಅಂತರ. ಎತ್ತರದ ಚಾವಣಿಯ ಚೆಂದದ ಹಳೆಯ ಮನೆ ಐವತ್ತು ಯೂರೋ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವ ಮುನ್ನ ಈ ಗುಣಾಕಾರವನ್ನು ಮಾಡಿಕೊಳ್ಳುವುದು ಒಳ್ಳೆಯದು.

ಈ ಪತ್ರದಲ್ಲಿ ಎರಡು ಬಗೆಗಳಿವೆ ಎಂಬುದನ್ನೂ ಗಮನಿಸಬೇಕು. ಒಂದು, ಹಿಂದಿನ ಮೂರು ವರ್ಷಗಳ ನಿಜವಾದ ಬಳಕೆಯನ್ನು ಆಧರಿಸಿದ್ದು. ಇನ್ನೊಂದು, ಗೋಡೆ, ಕಿಟಕಿ, ಹೀಟಿಂಗ್‌ಗಳನ್ನು ಪರಿಶೀಲಿಸಿ ತಜ್ಞರು ಲೆಕ್ಕ ಹಾಕಿದ್ದು. ಮೊದಲನೆಯದರ ಸಂಖ್ಯೆ ಅಲ್ಲಿದ್ದವರ ಸ್ವಭಾವವನ್ನೂ ಹೇಳುತ್ತದೆ: ಸ್ವೆಟರ್ ಹಾಕಿಕೊಂಡು ಹದಿನೇಳು ಡಿಗ್ರಿಯಲ್ಲಿ ಬದುಕುವವರು ತುಂಬಿದ್ದ ಕಟ್ಟಡ ಕಾಗದದಲ್ಲಿ ಉತ್ತಮವಾಗಿಯೇ ಕಾಣುತ್ತದೆ. ಮೈಸೂರಿನ ಹವೆಯಲ್ಲಿ ಬೆಳೆದವರು ಅಲ್ಲಿಗೆ ಹೋದರೆ ಆ ಸಂಖ್ಯೆ ನಿಲ್ಲುವುದಿಲ್ಲ. ಆದ್ದರಿಂದ ಎರಡನೆಯ ಬಗೆಯ ಪತ್ರವನ್ನೇ ಹೆಚ್ಚು ನಂಬಬೇಕೆಂಬುದು ನನ್ನ ಅಭಿಪ್ರಾಯ.

ವಾರ್ಷಿಕ ಲೆಕ್ಕ ಬಂದಾಗ ಅದನ್ನು ಸಾವಧಾನವಾಗಿ ಓದಬೇಕು. ಇಡೀ ಕಟ್ಟಡಕ್ಕೆ ಒಂದೇ ಬಾಯ್ಲರ್ ಇದ್ದರೆ ಹೀಟಿಂಗ್ ವೆಚ್ಚದ ಶೇಕಡಾ 50ರಿಂದ 70ರಷ್ಟನ್ನು ಪ್ರತಿ ಮನೆಯ ಮೀಟರಿನ ಪ್ರಕಾರವೂ, ಉಳಿದದ್ದನ್ನು ಸಾಮಾನ್ಯವಾಗಿ ಮನೆಯ ವಿಸ್ತೀರ್ಣದ ಪ್ರಕಾರವೂ ಹಂಚುತ್ತಾರೆ. ಡಿಸೆಂಬರ್ ಪೂರ್ತಿ ಊರಿಗೆ ಹೋಗಿ ಹೀಟರ್ ಮುಟ್ಟದಿದ್ದರೂ ಒಂದಷ್ಟು ಬಿಲ್ ಬರುವುದು ಈ ಕಾರಣದಿಂದ. ಮೀಟರಿಲ್ಲದೆ ಮನಸ್ಸಿಗೆ ಬಂದಂತೆ ಹಂಚಿದ್ದರೆ ನಿಮ್ಮ ಪಾಲಿನಲ್ಲಿ ಶೇಕಡಾ 15ರಷ್ಟನ್ನು ಕಡಿತ ಮಾಡಿಕೊಳ್ಳುವ ಹಕ್ಕಿದೆ. ಲೆಕ್ಕದ ಅವಧಿ ಮುಗಿದ ಹನ್ನೆರಡು ತಿಂಗಳೊಳಗೆ ಅದು ನಿಮ್ಮ ಕೈ ಸೇರಬೇಕು, ಬಂದ ಮೇಲೆ ಆಕ್ಷೇಪಿಸಲು ನಿಮಗೂ ಹನ್ನೆರಡು ತಿಂಗಳ ಕಾಲಾವಕಾಶವಿದೆ. ಅರ್ಥವಾಗದಿದ್ದರೆ ಊರಿನ ಮೀಟರ್‌ಫೆರೈನ್‌ನ, ಅಂದರೆ ಬಾಡಿಗೆದಾರರ ಸಂಘದ, ಸದಸ್ಯರಾಗಿ ಅಲ್ಲಿ ತೋರಿಸಬಹುದು. ಇಲ್ಲಿ ‘ಮೀಟರ್’ ಎಂದರೆ ಬಾಡಿಗೆದಾರ, ಗೋಡೆಯ ಮೇಲಿನ ಮೀಟರಲ್ಲ.

ಆ ಲೆಕ್ಕದಲ್ಲಿ ಭಾರತೀಯರು ಸಾಮಾನ್ಯವಾಗಿ ದಾಟಿಹೋಗುವ ಸಾಲೊಂದಿದೆ: ಇಂಗಾಲದ ಶುಲ್ಕ. ಅನಿಲ ಮತ್ತು ಹೀಟಿಂಗ್ ತೈಲದ ಮೇಲೆ ಜರ್ಮನಿ 2021ರಿಂದ ಈ ಶುಲ್ಕ ವಿಧಿಸುತ್ತಿದೆ. ಟನ್ನಿಗೆ 25 ಯೂರೋ ಇದ್ದದ್ದು 2025ರಲ್ಲಿ 55 ಯೂರೋ ಆಯಿತು. ಮೊದಲು ಇದನ್ನು ಪೂರ್ತಿಯಾಗಿ ಬಾಡಿಗೆದಾರನೇ ಕಟ್ಟುತ್ತಿದ್ದ. ಕಿಟಕಿ ಬದಲಿಸುವ, ಗೋಡೆಗೆ ನಿರೋಧಕ ಹೊದಿಸುವ ಅಧಿಕಾರ ಇರುವುದು ಮಾಲೀಕನಿಗೆ, ಅದನ್ನು ಮಾಡದಿದ್ದಕ್ಕೆ ದಂಡ ತೆರುವವನು ಒಳಗಿರುವವನು ಎಂಬ ಈ ಅಸಂಗತವನ್ನು 2023ರ ಜನವರಿಯಿಂದ ಬಂದ ಕಾನೂನು ಹತ್ತು ಮೆಟ್ಟಿಲುಗಳ ಪಟ್ಟಿಯಿಂದ ಸರಿಪಡಿಸಿತು. ಚದರ ಮೀಟರಿಗೆ ವರ್ಷಕ್ಕೆ 12 ಕಿಲೋಗಿಂತ ಕಡಿಮೆ ಇಂಗಾಲದ ಡೈಆಕ್ಸೈಡ್ ಹೊರಬಿಡುವ ಕಟ್ಟಡದಲ್ಲಿ ಶುಲ್ಕವೆಲ್ಲ ಬಾಡಿಗೆದಾರನದು; 52 ಕಿಲೋ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಶೇಕಡಾ 95 ಮಾಲೀಕನದು. ಎಪ್ಪತ್ತು ಚದರ ಮೀಟರಿನ ಮನೆಯಲ್ಲಿ 14,000 ಯೂನಿಟ್ ಅನಿಲ ಉರಿದರೆ ಹೊರಬೀಳುವುದು ಸುಮಾರು ಎರಡೂವರೆ ಟನ್, ಚದರ ಮೀಟರಿಗೆ 36 ಕಿಲೋ. ಆ ಮೆಟ್ಟಿಲಲ್ಲಿ ಇಬ್ಬರದೂ ಅರ್ಧರ್ಧ.

ಕಟ್ಟಡದ ಬಾಯ್ಲರ್ ಆದರೆ ಮಾಲೀಕರೇ ತಮ್ಮ ಪಾಲನ್ನು ಕಳೆದು ಲೆಕ್ಕ ಕೊಡಬೇಕು. ಆದರೆ ನಿಮ್ಮ ಅಡುಗೆಮನೆಯಲ್ಲೋ ಬಚ್ಚಲಲ್ಲೋ ಪ್ರತ್ಯೇಕ ಬಾಯ್ಲರ್ ಇದ್ದು ಅನಿಲದ ಒಪ್ಪಂದ ನಿಮ್ಮ ಹೆಸರಲ್ಲಿದ್ದರೆ ಈ ಹಣ ತಾನಾಗಿ ಬರುವುದಿಲ್ಲ. ಅನಿಲ ಸಂಸ್ಥೆಯ ಬಿಲ್ಲಿನಲ್ಲಿ ಬೇಕಾದ ಅಂಕಿಗಳೆಲ್ಲ ಇರುತ್ತವೆ. ಬಿಲ್ ಬಂದ ಆರು ತಿಂಗಳೊಳಗೆ ಲೆಕ್ಕ ಮಾಡಿ ಮಾಲೀಕರಿಗೆ ಬರೆದು ಕೇಳಬೇಕು. ಗಡುವು ದಾಟಿದರೆ ಆ ವರ್ಷದ ಹಕ್ಕು ಹೋಯಿತು.

ವಿದ್ಯುತ್ತಿನ ಒಪ್ಪಂದ ಬೇರೆಯೇ. ಗೃಹಜ್ಯೋತಿಯ ಉಚಿತ ಯೂನಿಟ್‌ಗಳನ್ನು ಕಂಡು ಬಂದವರಿಗೆ ಇಲ್ಲಿ 2025ರಲ್ಲಿ ಯೂನಿಟ್ಟಿಗೆ ಸರಾಸರಿ 40 ಸೆಂಟ್‌ಗಳಷ್ಟಿದ್ದ ದರ ಗಾಬರಿ ಹುಟ್ಟಿಸುವುದು ಸಹಜ. ನೀವು ಏನೂ ಮಾಡದಿದ್ದರೂ ಸ್ವಿಚ್ ಹಾಕಿದ ಕ್ಷಣದಿಂದ ಸ್ಥಳೀಯ ಮೂಲ ಪೂರೈಕೆದಾರರ ಗ್ರಾಹಕರಾಗುತ್ತೀರಿ, ಆ ದರ ಸಾಮಾನ್ಯವಾಗಿ ದುಬಾರಿ. ಅದರಿಂದ ಎರಡು ವಾರಗಳ ನೋಟಿಸಿನಲ್ಲಿ ಹೊರಬರಬಹುದು. 2025ರ ಜೂನ್‌ನಿಂದ ಹಿಂದಿನ ದಿನಾಂಕಕ್ಕೆ ಹೊಸ ಒಪ್ಪಂದ ಮಾಡುವ ಸೌಲಭ್ಯ ಇಲ್ಲವಾದ್ದರಿಂದ, ಕೀಲಿಕೈ ಸಿಗುವ ಮೊದಲೇ ಮೀಟರಿನ ಸಂಖ್ಯೆ ಕೇಳಿ ಪಡೆದು ಪೂರೈಕೆದಾರರನ್ನು ಆರಿಸಿಕೊಳ್ಳಬೇಕು.

ಬಾಲ್ಕನಿ ಇದ್ದರೆ ಸ್ವಂತ ವಿದ್ಯುತ್ತನ್ನೂ ಮಾಡಿಕೊಳ್ಳಬಹುದು. ಕಂಬಿಗೆ ಕಟ್ಟಿ ಪ್ಲಗ್ಗಿಗೆ ಚುಚ್ಚುವ ಪುಟ್ಟ ಸೌರಫಲಕದ ಜೋಡಣೆಗೆ ಬಾಲ್ಕೋನ್‌ಕ್ರಾಫ್ಟ್‌ವೆರ್ಕ್ ಎಂಬ ದೊಡ್ಡ ಹೆಸರು. 2025ರ ಮಧ್ಯದ ಹೊತ್ತಿಗೆ ದೇಶದಲ್ಲಿ ಇಂಥವು ಹತ್ತು ಲಕ್ಷ ನೋಂದಣಿಯಾಗಿದ್ದವು. ಫಲಕದ ವಿದ್ಯುತ್ತನ್ನು ಮನೆಯ ಬಳಕೆಗೆ ಒಗ್ಗುವಂತೆ ಮಾಡುವ ಇನ್ವರ್ಟರ್ 800 ವ್ಯಾಟ್ ಮೀರಬಾರದು, ಕೇಂದ್ರ ನೋಂದಣಿ ತಾಣದಲ್ಲಿ ಒಂದು ತಿಂಗಳೊಳಗೆ ದಾಖಲಿಸಬೇಕು, ಕೊಳ್ಳುವಾಗ ಮೌಲ್ಯವರ್ಧಿತ ತೆರಿಗೆ ಇಲ್ಲ. ಮಾಲೀಕರ ಒಪ್ಪಿಗೆ ಬೇಕಾದರೂ 2024ರ ಅಕ್ಟೋಬರ್‌ನಿಂದ ಅವರು ಗಟ್ಟಿ ಕಾರಣವಿಲ್ಲದೆ ನಿರಾಕರಿಸುವಂತಿಲ್ಲ. ಹೆಚ್ಚಾದ ವಿದ್ಯುತ್ತಿಗೆ ಸಾಮಾನ್ಯವಾಗಿ ಯಾರೂ ಹಣ ಕೊಡುವುದಿಲ್ಲ, ಹಗಲಲ್ಲಿ ಬಳಸಿದಷ್ಟೇ ಲಾಭ. ಉತ್ತರಕ್ಕೆ ಮುಖ ಮಾಡಿದ ಬಾಲ್ಕನಿಯವರು ಈ ಆಸೆಯನ್ನು ಬಿಡುವುದು ಮೇಲು.

ಮಾಲೀಕರು ಬಾಯ್ಲರ್ ತೆಗೆದು, ಹೊರಗಿನ ಗಾಳಿಯ ಅಥವಾ ನೆಲದ ಶಾಖವನ್ನು ವಿದ್ಯುತ್ತಿನಿಂದ ಒಳತರುವ ಹೀಟ್ ಪಂಪ್ ಹಾಕಿಸಿದರೆ ಬಾಡಿಗೆ ಏರಬಹುದು. ಸರ್ಕಾರದ ಸಹಾಯಧನವನ್ನು ಕಳೆದು ಉಳಿದ ವೆಚ್ಚದ ಒಂದು ಪಾಲನ್ನಷ್ಟೇ ಬಾಡಿಗೆಗೆ ಸೇರಿಸಲು ಅವಕಾಶವಿದೆ, ಮತ್ತು 2024ರ ನಿಯಮದಂತೆ ಹೊಸ ಹೀಟಿಂಗ್‌ನ ಕಾರಣಕ್ಕೆ ಆಗುವ ಏರಿಕೆ ತಿಂಗಳಿಗೆ ಚದರ ಮೀಟರಿಗೆ 50 ಸೆಂಟ್ ದಾಟಬಾರದು. ಹೊಸ ಹೀಟಿಂಗ್ ಶೇಕಡಾ 65ರಷ್ಟು ನವೀಕರಿಸಬಹುದಾದ ಇಂಧನದಿಂದ ನಡೆಯಬೇಕೆಂಬ ಅದೇ ವರ್ಷದ ಕಾಯ್ದೆಯನ್ನು ಬದಲಿಸುವುದಾಗಿ 2025ರಲ್ಲಿ ಬಂದ ಸಮ್ಮಿಶ್ರ ಸರ್ಕಾರ ಘೋಷಿಸಿದ್ದರಿಂದ, ಮನೆ ಕೊಳ್ಳುವವರು ಆ ದಿನದ ನಿಯಮವನ್ನೇ ನೋಡಿಕೊಳ್ಳಬೇಕು.

ಬಿಗಿಯಾಗಿ ಕಟ್ಟಿದ ಮನೆಯಲ್ಲಿ ನಮ್ಮ ಅಡುಗೆಯ ಹಬೆ ಒಂದು ಸಮಸ್ಯೆಯೇ. ಕುಕ್ಕರಿನ ಸೀಟಿ, ಕುದಿಯುವ ಸಾರು, ಒಳಗೇ ಹರವಿದ ಬಟ್ಟೆ ಇವೆಲ್ಲ ತಣ್ಣನೆಯ ಮೂಲೆಯಲ್ಲಿ ನೀರಾಗಿ ಇಳಿದು ಕಪ್ಪು ಬೂಷ್ಟು ಹಿಡಿಯುತ್ತದೆ, ಆಗ ತಪ್ಪು ಗೋಡೆಯದೋ ಬಾಡಿಗೆದಾರನದೋ ಎಂಬ ಜಗಳ ಹುಟ್ಟುತ್ತದೆ. ಕಿಟಕಿಯನ್ನು ಇಡೀ ದಿನ ಓರೆಯಾಗಿ ತೆರೆದಿಡುವುದರ ಬದಲು ದಿನಕ್ಕೆ ಎರಡು ಮೂರು ಸಲ ಐದು ಹತ್ತು ನಿಮಿಷ ಪೂರ್ತಿ ತೆರೆದು ಮುಚ್ಚಬೇಕು. ಗಾಳಿ ಬದಲಾಗುತ್ತದೆ, ಗೋಡೆ ತಣಿಯುವುದಿಲ್ಲ. ಹೀಟರಿನ ತಿರುಗಣೆಯಲ್ಲಿ 3 ಎಂದರೆ ಸುಮಾರು 20 ಡಿಗ್ರಿ. 5ಕ್ಕೆ ತಿರುಗಿಸಿದರೆ ಕೋಣೆ ಬೇಗ ಬೆಚ್ಚಗಾಗುವುದಿಲ್ಲ, ಕೊನೆಗೆ ಅತಿಯಾಗಿ ಬಿಸಿಯಾಗುತ್ತದೆ ಅಷ್ಟೆ.

ಕಸದ ವಿಂಗಡಣೆ ಹಸಿ ಕಸ, ಒಣ ಕಸ ಅಭ್ಯಾಸವಾದವರಿಗೆ ಕಷ್ಟವಲ್ಲ, ಡಬ್ಬಗಳು ಹೆಚ್ಚು ಅಷ್ಟೆ. ಬಣ್ಣ ಊರಿಂದೂರಿಗೆ ಬದಲಾಗುವುದರಿಂದ ಊರಿನ ಪಟ್ಟಿಯನ್ನೇ ನೋಡಬೇಕು. ಹಣದ ದೃಷ್ಟಿಯಿಂದ ತಿಳಿಯಬೇಕಾದದ್ದು ಒಂದೇ: ಪ್ಯಾಕಿಂಗ್ ಕಸವನ್ನು ಒಯ್ಯುವ ವೆಚ್ಚ ವಸ್ತುವಿನ ಬೆಲೆಯಲ್ಲೇ ಸೇರಿರುತ್ತದೆ, ಮಿಶ್ರ ಕಸದ ಡಬ್ಬಕ್ಕೆ ಕಟ್ಟಡದವರು ಶುಲ್ಕ ಕೊಡುತ್ತಾರೆ, ಅದೂ ನಿಮ್ಮ ಬೆಚ್ಚನೆಯ ಬಾಡಿಗೆಯಲ್ಲೇ ಇದೆ. 25 ಸೆಂಟ್ ಠೇವಣಿಯ ಬಾಟಲಿ, ಕ್ಯಾನುಗಳನ್ನು ಅಂಗಡಿಯ ಯಂತ್ರಕ್ಕೆ ಹಿಂತಿರುಗಿಸಬೇಕು.

ಮನೆ ಬಿಡುವ ದಿನ ಎಲ್ಲ ಮೀಟರುಗಳ ಅಂಕಿಗಳನ್ನು ಹಸ್ತಾಂತರ ಪತ್ರದಲ್ಲಿ ಬರೆಸಿ ಫೋಟೊ ತೆಗೆದುಕೊಳ್ಳಿ. ಆ ವರ್ಷದ ಕೊನೆಯ ಲೆಕ್ಕ ಬರುವವರೆಗೆ ಮಾಲೀಕರು ಠೇವಣಿಯ ಒಂದು ಭಾಗವನ್ನು ಹಿಡಿದಿಟ್ಟುಕೊಳ್ಳಬಹುದು. ಹಾಗಾಗಿ ಊರಿಗೆ ಮರಳುವವರು ತಮ್ಮ ಹೊಸ ವಿಳಾಸವನ್ನು ಬರಹದಲ್ಲಿ ಕೊಟ್ಟು, ಜರ್ಮನಿಯ ಬ್ಯಾಂಕ್ ಖಾತೆಯನ್ನು ಆ ಹಣ ಬರುವ ತನಕ ಮುಚ್ಚದೆ ಇಟ್ಟುಕೊಳ್ಳಬೇಕು.