ಕುದುರೆ ನಡೆದರೆ ಗೋಧಿ ಕೊಯ್ಲಾಗಬೇಕು: ಅಂಥ ಯಂತ್ರ ಕಟ್ಟುವುದು ಹೇಗೆ?

ಗೋಧಿ ಹಣ್ಣಾಯಿತು ಅಂದರೆ ರೈತನ ಕೈಯಲ್ಲಿ ಉಳಿಯುವುದು ಕೆಲವೇ ದಿನ. ತಡ ಮಾಡಿದರೆ ಕಾಳು ಉದುರುತ್ತದೆ. ಮಳೆ ಬಂದರೆ ಪೈರು ಮಲಗುತ್ತದೆ. 1830ರ ಸುಮಾರಿಗೆ ಅಮೆರಿಕದ ರೈತರು ಸಿಕ್ಕಿಕೊಂಡಿದ್ದು ಇಲ್ಲೇ. ಭೂಮಿ ಬೇಕಾದಷ್ಟಿತ್ತು, ಉಳಲು ಕುದುರೆಗಳಿದ್ದವು. ಕೊಯ್ಯಲು ಮಾತ್ರ ಕೈಯೇ ಗತಿ. ಕುಡುಗೋಲು ಹಿಡಿದ ಒಬ್ಬ ಆಳು ದಿನಕ್ಕೆ ಅರ್ಧ ಎಕರೆ ಮುಗಿಸಿದರೆ ಹೆಚ್ಚು. ಉದ್ದ ಕತ್ತಿಗೆ ಮರದ ಕಡ್ಡಿಗಳ ಚೌಕಟ್ಟು ಕಟ್ಟಿಕೊಂಡು ಬೀಸುವ ಗಟ್ಟಿಗ ಎರಡು ಎಕರೆ ಮುಟ್ಟುತ್ತಿದ್ದ. ಎಷ್ಟು ಕೊಯ್ಯಲು ಆಗುತ್ತದೋ ಅಷ್ಟೇ ಬಿತ್ತಬೇಕು, ಬೇರೆ ದಾರಿಯೇ ಇರಲಿಲ್ಲ.

ಮುಂದಿನ ಐವತ್ತು ವರ್ಷಗಳಲ್ಲಿ ಈ ತೊಡಕು ಬಿಡಿಸಿಕೊಂಡಿತು. ಆದರೆ ಒಂದೇ ಏಟಿಗೆ ಅಲ್ಲ. ಒಂದು ಕಡೆ ಯಂತ್ರ ಚುರುಕಾದ ಕೂಡಲೇ ಅದರ ಪಕ್ಕದ ಕೆಲಸ ಹಿಂದೆ ಬೀಳುತ್ತಿತ್ತು. ಆಗ ಇನ್ಯಾರೋ ಅದಕ್ಕೆ ಕೈ ಹಾಕುತ್ತಿದ್ದರು. ಈ ಇಡೀ ಕಥೆ ಅರ್ಥವಾಗಬೇಕಾದರೆ ಯಂತ್ರವನ್ನು ನಾವೇ ಕಟ್ಟಲು ಕೂತಂತೆ ಯೋಚಿಸುವುದು ಒಳ್ಳೆಯದು. ನೀವೇ ಬಡಗಿ, ನೀವೇ ಕಮ್ಮಾರ ಅಂದುಕೊಳ್ಳಿ. ಒಂದೊಂದೇ ಹಂತ ನೋಡೋಣ.

ಹಂತ 1: ಕುದುರೆಯನ್ನು ಎಲ್ಲಿ ಹೂಡಬೇಕು?

ಗಾಡಿಗೆ ಹೂಡುವಂತೆ ಯಂತ್ರದ ನೇರ ಮುಂದೆ ಹೂಡಿದರೆ ಕೊಯ್ಯಬೇಕಾದ ಗೋಧಿಯನ್ನು ಕುದುರೆಯೇ ತುಳಿದುಬಿಡುತ್ತದೆ. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಬೆಲ್ ಇದಕ್ಕೆ ಕಂಡುಕೊಂಡ ದಾರಿ, ಕುದುರೆಗಳನ್ನು ಹಿಂದೆ ಹೂಡಿ ಯಂತ್ರವನ್ನು ತಳ್ಳಿಸುವುದು. ಬೆಲ್ ಆಗ ಪಾದ್ರಿಯಾಗಲು ಓದುತ್ತಿದ್ದ ಹುಡುಗ. ಮೊದಲು ಕೊಟ್ಟಿಗೆಯೊಳಗೇ ಮಣ್ಣು ಹರಡಿ, ಓಟ್ಸ್ ದಂಟುಗಳನ್ನು ಒಂದೊಂದಾಗಿ ನೆಟ್ಟು, ಯಂತ್ರವನ್ನು ತಾವೇ ತಳ್ಳಿ ನೋಡಿದರು. 1828ರಲ್ಲಿ ಅಣ್ಣತಮ್ಮ ಇಬ್ಬರೂ ಸೇರಿ ಅದನ್ನು ರಾತ್ರಿ ಹೊತ್ತಿನಲ್ಲಿ ಹೊಲಕ್ಕೆ ಒಯ್ದರು, ಊರವರ ಕಣ್ಣಿಗೆ ಬೀಳದಿರಲಿ ಅಂತ. ಯಂತ್ರ ಕೊಯ್ದಿತು. ಬೆಲ್ ಪೇಟೆಂಟ್ ತೆಗೆದುಕೊಳ್ಳಲಿಲ್ಲ, ಯಾರು ಬೇಕಾದರೂ ಮಾಡಿಕೊಳ್ಳಲಿ ಅಂತ ಬಿಟ್ಟರು. ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾಗುವ ಮನುಷ್ಯ ಇವರೇ.

ಆದರೆ ತಳ್ಳುವ ಯಂತ್ರವನ್ನು ತಿರುಗಿಸುವುದು ಕಷ್ಟ, ಅದು ಭಾರವೂ ಹೌದು. ವರ್ಜೀನಿಯಾದ ಸೈರಸ್ ಮೆಕಾರ್ಮಿಕ್ ಇನ್ನೊಂದು ದಾರಿ ಹಿಡಿದರು. ಅವರು 1831ರಲ್ಲಿ ಯಂತ್ರ ಓಡಿಸಿ ತೋರಿಸಿ, 1834ರಲ್ಲಿ ಪೇಟೆಂಟ್ ಪಡೆದರು. ಅವರ ಯಂತ್ರದಲ್ಲಿ ಕುದುರೆ ಮುಂದೆಯೇ ಇತ್ತು, ಆದರೆ ಕೊಯ್ಯುವ ಅಲಗು ಒಂದು ಪಕ್ಕಕ್ಕೆ ಚಾಚಿಕೊಂಡಿತ್ತು. ಕುದುರೆ ಆಗಲೇ ಕೊಯ್ದಾದ ಜಾಗದಲ್ಲಿ ನಡೆಯುತ್ತದೆ, ಅಲಗು ಪಕ್ಕದ ಬೆಳೆಯೊಳಗೆ ಹೋಗುತ್ತದೆ. ಇಲ್ಲಿ ನೆನಪಿಡಬೇಕಾದ್ದು ಎರಡು. ಹೊಲದ ಅಂಚಿನ ಮೊದಲ ಸುತ್ತನ್ನು ಕೈಯಲ್ಲೇ ಕೊಯ್ದು ಕುದುರೆಗೆ ದಾರಿ ಬಿಡಿಸಬೇಕು. ಮತ್ತೆ, ಭಾರವೆಲ್ಲ ಒಂದೇ ಪಕ್ಕಕ್ಕೆ ಇರುವುದರಿಂದ ಯಂತ್ರ ಆ ಕಡೆಗೇ ಎಳೆಯುತ್ತದೆ. ಭಾರ ಹೊರುವ ದೊಡ್ಡ ಗಾಲಿ ಆದಷ್ಟು ಕುದುರೆಯ ಸಾಲಿನ ಹತ್ತಿರ ಇರಲಿ, ಅಲಗಿನ ಹೊರತುದಿಗೆ ಒಂದು ಸಣ್ಣ ಗಾಲಿ ಸಾಕು.

ಹಂತ 2: ಬೆಳೆಯನ್ನು ಸೀಳಿ ಒಳಗೆ ಬಗ್ಗಿಸಿ

ಅಲಗಿನ ಹೊರತುದಿಯಲ್ಲಿ ಚೂಪು ಮೂತಿಯ ಒಂದು ಮರದ ತುಂಡು ಬೇಕು. ಈ ಸುತ್ತಿನಲ್ಲಿ ಕೊಯ್ಯುವ ಪೈರು ಯಾವುದು, ಮುಂದಿನ ಸುತ್ತಿಗೆ ಬಿಡುವುದು ಯಾವುದು ಅಂತ ಬೇರೆ ಮಾಡುವುದು ಅದೇ. ಇದಿಲ್ಲದಿದ್ದರೆ ಒಂದಕ್ಕೊಂದು ಹೆಣೆದುಕೊಂಡ ದಂಟುಗಳು ತುದಿಗೆ ಸುತ್ತಿಕೊಳ್ಳುತ್ತವೆ.

ಮೇಲೆ ರೀಲು. ಅಂದರೆ ಅಡ್ಡ ಪಟ್ಟಿಗಳಿರುವ ತಿರುಗುವ ಚೌಕಟ್ಟು. ಅದು ದಂಟುಗಳನ್ನು ಅಲಗಿನ ಮೇಲೆ ಬಗ್ಗಿಸಿ, ಕೊಯ್ದ ಮೇಲೆ ಹಿಂದಿನ ಹಲಗೆಗೆ ಬೀಳಿಸುತ್ತದೆ. ಗಾಲಿಯಿಂದ ಒಂದು ಬೆಲ್ಟ್ ಹಾಕಿದರೆ ರೀಲು ತಿರುಗುತ್ತದೆ. ಪಟ್ಟಿಗಳು ಕುದುರೆಯ ನಡಿಗೆಗಿಂತ ಸ್ವಲ್ಪವೇ ಜಾಸ್ತಿ ವೇಗದಲ್ಲಿ ಚಲಿಸಬೇಕು. ತೀರಾ ಜೋರಾದರೆ ಕಾಳು ಉದುರುತ್ತದೆ, ನಿಧಾನವಾದರೆ ಬೆಳೆ ಮುಂದಕ್ಕೆ ಬಾಗಿಬಿಡುತ್ತದೆ. ಬೆಲ್ ಮತ್ತು ಮೆಕಾರ್ಮಿಕ್ ಇಬ್ಬರ ಯಂತ್ರದಲ್ಲೂ ರೀಲು ಇತ್ತು.

ಹಂತ 3: ಕತ್ತರಿಸುವುದು

ಇಡೀ ಯಂತ್ರದ ಜೀವ ಇರುವುದು ಇಲ್ಲಿ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸೋಣ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಒಣ ಭತ್ತದ ಹುಲ್ಲಿನ ಒಂದು ಕಡ್ಡಿಯನ್ನು ಬುಡದಲ್ಲಿ ಹಿಡಿದು, ಚಾಕುವನ್ನು ಮೆಲ್ಲಗೆ ಅದಕ್ಕೆ ಒತ್ತಿ. ಕಡ್ಡಿ ಸುಮ್ನೆ ಬಾಗುತ್ತದೆ, ಕತ್ತರಿಸುವುದಿಲ್ಲ. ಈಗ ಅದರ ಹಿಂದೆ ಒಂದು ಮರದ ತುಂಡು ಆನಿಸಿ ಮತ್ತೆ ಒತ್ತಿ. ತಟ್ಟನೆ ತುಂಡಾಗುತ್ತದೆ. ಕುಡುಗೋಲಿನ ಕೆಲಸದಲ್ಲಿ ಎಡಗೈ ದಂಟು ಹಿಡಿಯುತ್ತದೆ, ಬಲಗೈ ಎಳೆಯುತ್ತದೆ. ಉದ್ದ ಕತ್ತಿಯವನು ಎಡಗೈಯ ಆಸರೆ ಬಿಟ್ಟು ಬೀಸಿನ ವೇಗ ನೆಚ್ಚುತ್ತಾನೆ. ಯಂತ್ರಕ್ಕೆ ಅಂಥ ಬೀಸು ಇಲ್ಲ, ಕುದುರೆ ನಡೆಯುವುದೇ ನಿಧಾನ. ಆದ್ದರಿಂದ ಅಲಗನ್ನು ಎಷ್ಟು ಮಸೆದರೂ ಸಾಲದು, ದಂಟನ್ನು ಅಲುಗದಂತೆ ಹಿಡಿಯುವುದೇ ಮುಖ್ಯ. ಕೊಯ್ಲು ಯಂತ್ರದ ಗುಟ್ಟು ಅಲಗಿನಲ್ಲಿ ಅಷ್ಟಿಲ್ಲ, ಹಿಡಿತದಲ್ಲಿದೆ.

ಬೆಲ್ ಇದನ್ನು ಕತ್ತರಿಗಳ ಸಾಲಿನಿಂದ ಸಾಧಿಸಿದರು. ಬೇಲಿ ಗಿಡ ಸವರುವ ಕತ್ತರಿ ನೋಡಿ ಅವರಿಗೆ ಈ ಯೋಚನೆ ಬಂದಿತ್ತಂತೆ. ಕತ್ತರಿ ಹಿಡಿಯುತ್ತದೆ, ಕತ್ತರಿಸುತ್ತದೆ. ಆದರೆ ಪ್ರತಿ ಕತ್ತರಿಗೂ ಒಂದು ತಿರುಗು ಮೊಳೆ ಬೇಕು. ಮೊಳೆ ಸವೆದು ಸಡಿಲವಾದರೆ ದಂಟು ಎರಡು ಅಲಗುಗಳ ನಡುವೆ ಮಡಚಿಕೊಳ್ಳುತ್ತದೆ.

ಮೆಕಾರ್ಮಿಕ್ ಒಂದೇ ಉದ್ದನೆಯ ಅಲಗು ಇಟ್ಟರು. ಅದರ ಅಂಚಿಗೆ ಸಣ್ಣ ಹಲ್ಲುಗಳು, ಮುಂದೆ ದಂಟನ್ನು ತಡೆಯುವ ಬೆರಳುಗಳು. ಅಲಗು ಎಡಕ್ಕೂ ಬಲಕ್ಕೂ ಓಡಾಡುತ್ತದೆ. ಹಲ್ಲುಗಳೆಲ್ಲ ಒಂದೇ ದಿಕ್ಕಿಗೆ ವಾಲಿದ್ದರೆ ಒಂದು ಓಟದಲ್ಲಿ ಮಾತ್ರ ಚೆನ್ನಾಗಿ ಕತ್ತರಿಸುತ್ತದೆ, ವಾಪಸು ಬರುವಾಗ ಜಾರುತ್ತದೆ. 1845ರ ಪೇಟೆಂಟಿನಲ್ಲಿ ಅವರು ಹಲ್ಲುಗಳ ದಿಕ್ಕನ್ನು ಒಂದು ಗುಂಪು ಬಿಟ್ಟು ಇನ್ನೊಂದು ಗುಂಪಿಗೆ ತಿರುಗಿಸಿದರು. ಬೆರಳುಗಳನ್ನು ಈಟಿಯ ಮೊನೆಯ ಆಕಾರಕ್ಕೆ ತಂದರು. ಎರಡೂ ಚಿಕ್ಕ ಬದಲಾವಣೆಗಳೇ, ಆದರೆ ಅಲಗು ಎರಡೂ ಕಡೆಗೆ ಕೊಯ್ಯತೊಡಗಿತು.

ಇದಕ್ಕಿಂತ ಚೆನ್ನಾದ ಅಲಗು ಓಬೆಡ್ ಹಸ್ಸಿ ಅವರದು. ಇವರು 1833ರ ಬೇಸಿಗೆಯಲ್ಲಿ ಸಿನ್ಸಿನಾಟಿ ಹತ್ತಿರ ಯಂತ್ರ ಓಡಿಸಿ, ಅದೇ ವರ್ಷದ ಡಿಸೆಂಬರ್ 31ಕ್ಕೆ ಪೇಟೆಂಟ್ ಪಡೆದರು. ಮೆಕಾರ್ಮಿಕ್‌ಗಿಂತ ಮೊದಲೇ. ಅವರ ಯಂತ್ರಕ್ಕೆ ರೀಲು ಇರಲಿಲ್ಲ, ಆದರೆ ಅಲಗಿನ ವಿನ್ಯಾಸ ಬಹಳ ಗಟ್ಟಿ. ಒಂದು ಕಬ್ಬಿಣದ ಪಟ್ಟಿಗೆ ಸಾಲಾಗಿ ತ್ರಿಕೋನದ ಉಕ್ಕಿನ ತಗಡುಗಳನ್ನು ರಿವೆಟ್ ಹೊಡೆದು ಕೂರಿಸಿದ್ದರು. ಪ್ರತಿ ಬೆರಳಿನಲ್ಲೂ ಅಡ್ಡಲಾಗಿ ಒಂದು ಸೀಳು. ಆ ಸೀಳಿನೊಳಗೆ ಅಲಗು ಓಡಾಡುತ್ತದೆ. ಹಾಗಾಗಿ ದಂಟಿಗೆ ಅಲಗಿನ ಮೇಲೂ ಕೆಳಗೂ ಆಸರೆ ಸಿಗುತ್ತದೆ. ಕ್ಷೌರದಂಗಡಿಯ ಟ್ರಿಮ್ಮರ್ ಕೂಡ ಇದೇ ರೀತಿ ಕೆಲಸ ಮಾಡುವುದು: ಹಲ್ಲುಗಳು ಕೂದಲು ಹಿಡಿಯುತ್ತವೆ, ಅಲಗು ಅಡ್ಡ ಓಡುತ್ತದೆ.

ಇದಕ್ಕೂ ಒಂದು ರೋಗ ಇತ್ತು. ಹಸಿ ಹುಲ್ಲು, ಕಳೆ, ಹೊಟ್ಟು ಸೀಳಿನೊಳಗೆ ಸೇರಿ ಗಟ್ಟಿಯಾಗಿ ತುಂಬಿಕೊಂಡು ಅಲಗು ನಿಂತುಬಿಡುತ್ತಿತ್ತು. 1847ರಲ್ಲಿ ಹಸ್ಸಿ ಬೆರಳಿನ ಮೇಲ್ಭಾಗವನ್ನು ಹಿಂದುಗಡೆ ತೆರೆದುಬಿಟ್ಟರು. ಕಸಕ್ಕೆ ಹೊರಗೆ ಹೋಗಲು ದಾರಿಯಾಯಿತು. ಇಷ್ಟೇ ಸುಧಾರಣೆ! ಕ್ರಮೇಣ ಉಳಿದ ತಯಾರಕರೂ ಈ ತ್ರಿಕೋನದ ಅಲಗಿಗೇ ಬಂದರು. ಇನ್ನೊಂದು ಲಾಭವೂ ಇದರಲ್ಲಿತ್ತು. ಕಲ್ಲಿಗೆ ಬಡಿದು ಒಂದು ತ್ರಿಕೋನ ಮುರಿದರೆ ಎರಡು ರಿವೆಟ್ ತೆಗೆದು ಅದೊಂದನ್ನೇ ಬದಲಿಸಬಹುದು. ಸುಗ್ಗಿಯ ನಡುವೆ ಇಡೀ ಅಲಗು ಹೊತ್ತುಕೊಂಡು ಕಮ್ಮಾರನ ಮನೆಗೆ ಓಡಬೇಕಾಗಿಲ್ಲ.

ಹಂತ 4: ನಡಿಗೆಯನ್ನು ವೇಗ ಮಾಡಿ

ಯಂತ್ರಕ್ಕೆ ಬೇರೆ ಎಂಜಿನ್ ಇಲ್ಲ. ನೆಲದ ಮೇಲೆ ಉರುಳುವ ದೊಡ್ಡ ಗಾಲಿಯೇ ಎಂಜಿನ್. ಒಂದು ಲೆಕ್ಕ ಹಾಕಿ ನೋಡೋಣ. ಕುದುರೆ ಗಂಟೆಗೆ 4 ಕಿಲೋಮೀಟರ್ ನಡೆಯಿತು ಅನ್ನಿ. ನಿಮಿಷಕ್ಕೆ ಸುಮಾರು 67 ಮೀಟರ್. ಗಾಲಿಯ ಅಡ್ಡಳತೆ 90 ಸೆಂಟಿಮೀಟರ್ ಇದ್ದರೆ ಒಂದು ಸುತ್ತಿಗೆ 2.83 ಮೀಟರ್. ಅಂದರೆ ಗಾಲಿ ನಿಮಿಷಕ್ಕೆ 24 ಸುತ್ತು ತಿರುಗುವುದೂ ಕಷ್ಟ. ಅಷ್ಟು ನಿಧಾನಕ್ಕೆ ಅಲಗು ಓಡಾಡಿದರೆ ಬೆಳೆ ಕೊಯ್ಲಾಗುವುದಿಲ್ಲ, ಬುಡಸಮೇತ ಬಾಗುತ್ತದೆ.

ಆದ್ದರಿಂದ ದೊಡ್ಡ ಹಲ್ಲಿನ ಚಕ್ರದಿಂದ ಸಣ್ಣದಕ್ಕೆ, ಅಲ್ಲಿಂದ ಇನ್ನೊಂದು ಜೋಡಿಗೆ ಹಾಯಿಸಿ ವೇಗವನ್ನು 20 ಪಟ್ಟು ಮಾಡಿ. ಕೊನೆಯ ಚಕ್ರದಲ್ಲಿ ಒಂದು ಕ್ರ್ಯಾಂಕ್, ಅಂದರೆ ಚಕ್ರದ ಸುತ್ತಾಟವನ್ನು ಹೋಗಿಬರುವ ಓಟವಾಗಿಸುವ ಹಿಡಿ. ಅದಕ್ಕೊಂದು ಮರದ ದಂಡ, ದಂಡದ ತುದಿಗೆ ಅಲಗು. ಈಗ ಕ್ರ್ಯಾಂಕ್ ನಿಮಿಷಕ್ಕೆ 470 ಸುತ್ತು ತಿರುಗುತ್ತದೆ. ಪ್ರತಿ ಸುತ್ತಿಗೂ ಅಲಗು ಹೋಗುವುದು ಒಮ್ಮೆ, ಬರುವುದು ಒಮ್ಮೆ. ಒಟ್ಟು 940 ಓಟ. 67 ಮೀಟರನ್ನು 940ರಿಂದ ಭಾಗಿಸಿ. ಒಂದೊಂದು ಓಟಕ್ಕೆ ಯಂತ್ರ ಮುಂದೆ ಹೋಗುವುದು ಸುಮಾರು 7 ಸೆಂಟಿಮೀಟರ್. ತ್ರಿಕೋನದ ಅಗಲವೂ, ಕ್ರ್ಯಾಂಕ್ ಅಲಗನ್ನು ದೂಡುವ ದೂರವೂ 3 ಇಂಚು, ಅಂದರೆ 7.6 ಸೆಂಟಿಮೀಟರ್ ಇಟ್ಟುಕೊಂಡರೆ ಯಾವ ದಂಟೂ ತಪ್ಪಿಸಿಕೊಳ್ಳುವುದಿಲ್ಲ. ಲೆಕ್ಕ ಚೆನ್ನಾಗಿ ಕೂಡುತ್ತದೆ ಅಲ್ವಾ?

ಗಾಲಿ ಜಾರಿದರೆ ಎಲ್ಲವೂ ನಿಲ್ಲುತ್ತದೆ, ಅದಕ್ಕೇ ಗಾಲಿಯ ಪಟ್ಟಿಯ ಮೇಲೆ ಉಬ್ಬುಗಳನ್ನು ಮಾಡಬೇಕು. ಕುದುರೆ ನಿಧಾನವಾದರೆ ಅಲಗೂ ನಿಧಾನ. ಈ ದೋಷ ನೆಲದ ಗಾಲಿಯಿಂದ ಓಡುವ ಯಂತ್ರಗಳನ್ನು ಕೊನೆಯವರೆಗೂ ಬಿಡಲಿಲ್ಲ.

ಹಂತ 5: ಕೊಯ್ದದ್ದನ್ನು ಇಳಿಸಿ

ಕೊಯ್ದ ಪೈರು ಹಿಂದಿನ ಹಲಗೆಯ ಮೇಲೆ ಬೀಳುತ್ತದೆ. ಒಂದು ಸಿವುಡಿನಷ್ಟು ಆದಾಗ ಯಾರಾದರೂ ಅದನ್ನು ಎಳೆದು ನೆಲಕ್ಕೆ ಹಾಕಬೇಕು. ಹಸ್ಸಿ ಯಂತ್ರದಲ್ಲಿ ಅದು ಹಿಂದಕ್ಕೆ ಬೀಳುತ್ತಿತ್ತು. ಮುಂದಿನ ಸುತ್ತಿಗೆ ಕುದುರೆ ಬರುವ ದಾರಿ ಅದೇ. ಹಾಗಾಗಿ ಕುದುರೆ ಬರುವಷ್ಟರಲ್ಲಿ ಆಳುಗಳು ಎಲ್ಲವನ್ನೂ ಕಟ್ಟಿ ಎತ್ತಿಡಬೇಕಿತ್ತು. ಮೆಕಾರ್ಮಿಕ್ ಯಂತ್ರದಲ್ಲಿ ಪಕ್ಕಕ್ಕೆ ಬೀಳುತ್ತಿತ್ತು, ದಾರಿ ಖಾಲಿ ಇರುತ್ತಿತ್ತು. ನೀವು ಪಕ್ಕಕ್ಕೇ ಇಳಿಸಿ.

ಮೊದಮೊದಲು ಎಳೆಯುವವರು ಯಂತ್ರದ ಜೊತೆ ದಿನವಿಡೀ ನಡೆಯುತ್ತಾ ಈ ಕೆಲಸ ಮಾಡಬೇಕಿತ್ತು. ಮೆಕಾರ್ಮಿಕ್ ಕುಟುಂಬದಲ್ಲಿ ಗುಲಾಮರಾಗಿದ್ದ ಜೋ ಆಂಡರ್ಸನ್ ಎಂಬವರು ಮೊದಲ ಯಂತ್ರ ಕಟ್ಟುವಾಗ ಜೊತೆಯಲ್ಲೇ ದುಡಿದವರು. ಪೇಟೆಂಟಿನಲ್ಲಿ ಅವರ ಹೆಸರಿಲ್ಲ. ಈ ಯಂತ್ರದ ಬಗ್ಗೆ ಬರೆಯುವಾಗ ಆ ಹೆಸರು ಬಿಟ್ಟು ಬರೆಯುವುದು ಸರಿಯಲ್ಲ ಅಂತ ನನ್ನ ಗಟ್ಟಿ ನಂಬಿಕೆ.

ಎಳೆಯುವವರಿಗೆ ಕೂರಲು ಜಾಗ ಕೊಡೋಣ ಅಂದರೆ ಯಂತ್ರದ ಹಿಂಭಾಗ ಭಾರವಾಗಿ ಮುಂಭಾಗ ಮೇಲೇಳುತ್ತದೆ. 1847ರಲ್ಲಿ ಮೆಕಾರ್ಮಿಕ್ ಹಲ್ಲಿನ ಚಕ್ರಗಳನ್ನೂ ಕ್ರ್ಯಾಂಕನ್ನೂ ದೊಡ್ಡ ಗಾಲಿಯ ಮುಂದಕ್ಕೆ ತಂದು, ಗಾಲಿಯನ್ನು ಹಿಂದಕ್ಕೆ ಸರಿಸಿದರು. ಕೂತವರ ಭಾರ ಸರಿದೂಗಿತು. ಗಾಲಿ ಎರಚುವ ಧೂಳಿನಿಂದ ಚಕ್ರಗಳೂ ತಪ್ಪಿಸಿಕೊಂಡವು. ಅದೇ ವರ್ಷ ಅವರು ಶಿಕಾಗೋದಲ್ಲಿ ಕಾರ್ಖಾನೆ ತೆರೆದರು. ಐದು ವರ್ಷ ಹಿಂದೆ, 1842ರಲ್ಲಿ ಅವರು ಮಾರಿದ್ದು ಬರೀ 7 ಯಂತ್ರ. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಅವರ ಯಂತ್ರಕ್ಕೆ ಕೌನ್ಸಿಲ್ ಪದಕ ಬಂತು.

1850ರ ದಶಕದಲ್ಲಿ ಎಳೆಯುವ ಕೆಲಸವನ್ನೂ ಯಂತ್ರವೇ ವಹಿಸಿಕೊಂಡಿತು. ಹಾಸಿಗೆ ಹಿಡಿದಿದ್ದ ಜೆರಮ್ ಆಟ್ಕಿನ್ಸ್ ಎಂಬವರು ಮನುಷ್ಯನ ತೋಳಿನಂತೆ ಚಾಚಿ ಎಳೆದು ಹಾಕುವ ಕುಂಟೆಯೊಂದನ್ನು ರೂಪಿಸಿದರು.

ಹಂತ 6: ಸಿವುಡು ಕಟ್ಟಿ

ಕೊಯ್ಯುವುದೂ ಇಳಿಸುವುದೂ ಚುರುಕಾದ ಮೇಲೆ ಕಟ್ಟುವವರು ಹಿಂದೆ ಬಿದ್ದರು. ಇಬ್ಬರು ಓಡಿಸುವ ಯಂತ್ರದ ಹಿಂದೆ ಬಗ್ಗಿಕೊಂಡು ಸಿವುಡು ಕಟ್ಟುವ ಒಂದು ಗುಂಪೇ ಬೇಕಿತ್ತು. ಇಲಿನಾಯಿಯ ಮಾರ್ಷ್ ಸಹೋದರರು 1858ರಲ್ಲಿ ಇದನ್ನು ತಲೆಕೆಳಗು ಮಾಡಿದರು. ಕೊಯ್ದ ಪೈರನ್ನು ಕ್ಯಾನ್ವಾಸ್ ಪಟ್ಟಿಯ ಮೇಲೆ ಗಾಲಿಯ ಮೇಲಿಂದ ಹತ್ತಿಸಿ ಒಂದು ಮೇಜಿಗೆ ತಂದರು. ಇಬ್ಬರು ಯಂತ್ರದ ಮೇಲೆಯೇ ನೆಟ್ಟಗೆ ನಿಂತು ಕಟ್ಟಿದರೆ ಸಾಕು.

ಆಮೇಲೆ ಆ ಇಬ್ಬರ ಜಾಗಕ್ಕೆ 1870ರ ದಶಕದಲ್ಲಿ ತಂತಿ ಸುತ್ತಿ ತಿರುಚುವ ಯಂತ್ರ ಬಂತು. ತಂತಿ ಗಟ್ಟಿ, ಆದರೆ ಅದರ ಚೂರುಗಳು ಹುಲ್ಲಿನ ಜೊತೆ ದನದ ಹೊಟ್ಟೆಗೆ ಹೋದವು, ಗಿರಣಿಗೂ ಹೋದವು. ರೈತರಿಗೆ ಬೇಕಾಗಿದ್ದು ಹುರಿಯಿಂದ ಕಟ್ಟುವ ಯಂತ್ರ. ಹುರಿಗೆ ಗಂಟು ಬೇಕು. ಕಬ್ಬಿಣ ಗಂಟು ಹಾಕುವುದು ಹೇಗೆ?

ವಿಸ್ಕಾನ್ಸಿನ್‌ನ ಜಾನ್ ಆಪಲ್‌ಬಿ ಹದಿನೆಂಟರ ಹುಡುಗನಾಗಿದ್ದಾಗಲೇ ಇದರ ಮರದ ಮಾದರಿ ಕೆತ್ತಿದ್ದರು. ಅದು ಪಕ್ಕಾ ಆಗಲು ಇಪ್ಪತ್ತು ವರ್ಷ ಹಿಡಿಯಿತು. ಅದರ ಗುಟ್ಟನ್ನು ನಿಮ್ಮ ಬೆರಳಿನಲ್ಲೇ ನೋಡಬಹುದು. ಒಂದು ಹುರಿಯನ್ನು ಹುಲ್ಲಿನ ಕಂತೆಗೆ ಸುತ್ತಿ, ಎರಡೂ ತುದಿಗಳನ್ನು ಜೊತೆಗೆ ತನ್ನಿ. ಬಲಗೈಯ ತೋರುಬೆರಳು, ನಡುಬೆರಳು ಜೋಡಿಸಿ, ಆ ಜೋಡಿ ಎಳೆಯನ್ನು ಅವುಗಳ ಸುತ್ತ ಒಂದು ಸುತ್ತು ತನ್ನಿ. ಈಗ ಬೆರಳ ತುದಿ ಬಿಡಿಸಿ, ಉಳಿದ ತುದಿಗಳನ್ನು ಕತ್ತರಿಯಂತೆ ಕಚ್ಚಿ ಹಿಡಿಯಿರಿ. ಹಿಡಿತ ಬಿಡದೆ, ಸುತ್ತನ್ನು ಬೆರಳುಗಳ ಮೇಲಿಂದ ಜಾರಿಸಿ ಹೊರಗೆ ತೆಗೆಯಿರಿ. ಗಂಟು ಬಿತ್ತು!

ಆಪಲ್‌ಬಿ ಯಂತ್ರದಲ್ಲಿ ಬೆರಳಿನ ಕೆಲಸ ಮಾಡುವುದು ಹಕ್ಕಿಯ ಕೊಕ್ಕಿನಾಕಾರದ ಒಂದು ಕಬ್ಬಿಣದ ತುಂಡು. ಬಾಗಿದ ಸೂಜಿಯೊಂದು ಹುರಿಯನ್ನು ಸಿವುಡಿನ ಸುತ್ತ ತಂದುಕೊಡುತ್ತದೆ. ಕೊಕ್ಕು ಒಂದು ಸುತ್ತು ತಿರುಗಿ, ಬಾಯಿ ತೆರೆದು ಎಳೆಗಳನ್ನು ಕಚ್ಚುತ್ತದೆ. ಚಾಕು ಹುರಿ ಕತ್ತರಿಸುತ್ತದೆ. ಕಟ್ಟಾದ ಸಿವುಡನ್ನು ತೋಳುಗಳು ಹೊರಗೆ ದೂಡುವಾಗ ಅದೇ ಎಳೆತಕ್ಕೆ ಸುತ್ತು ಕೊಕ್ಕಿನಿಂದ ಕಳಚಿ ಗಂಟು ಬಿಗಿಯುತ್ತದೆ. ಇದೆಲ್ಲ ಯಾವಾಗ ಶುರುವಾಗಬೇಕು ಅನ್ನುವುದನ್ನೂ ಸಿವುಡೇ ತೀರ್ಮಾನಿಸುತ್ತದೆ: ಪೈರು ತುಂಬಿ ಒಂದು ಸನ್ನೆಯನ್ನು ಒತ್ತಿದಾಗ ಮಾತ್ರ ಗಂಟಿನ ಚಕ್ರ ತಿರುಗುತ್ತದೆ. 1880ರ ಸುಗ್ಗಿಗೆ ಡೀರಿಂಗ್ ಕಂಪನಿ ಇಂಥ ಸುಮಾರು 3,000 ಯಂತ್ರ ತಯಾರಿಸಿತು. ಕುದುರೆ ಓಡಿಸುವ ಒಬ್ಬರಿದ್ದರೆ ಕೊಯ್ಲು, ಕಟ್ಟು ಎರಡೂ ಮುಗಿಯಿತು.

ಇದರ ಭಾಗಗಳನ್ನು ಕಣ್ಣಾರೆ ನೋಡಲು ಅಮೆರಿಕಕ್ಕೆ ಹೋಗಬೇಕಿಲ್ಲ. ಗಂಗಾವತಿ, ಸಿಂಧನೂರು ಕಡೆ ಭತ್ತದ ಗದ್ದೆಗೆ ಬರುವ ಕಂಬೈನ್ ನಿಂತಿರುವಾಗ, ಎಂಜಿನ್ ಆರಿಸಿ ಕೀಲಿ ತೆಗೆದ ಮೇಲೆ, ಚಾಲಕರನ್ನು ಕೇಳಿ ಅದರ ಮುಂಭಾಗ ನೋಡಿ. ಚೂಪು ಮೂತಿ, ರೀಲು, ಬೆರಳುಗಳು, ರಿವೆಟ್ ಹೊಡೆದ ತ್ರಿಕೋನಗಳು ಎಲ್ಲವೂ ಸಾಲಾಗಿ ಸಿಗುತ್ತವೆ. ಗಂಟು ಹಾಕುವ ಕೊಕ್ಕು ನೋಡಬೇಕಾದರೆ, ಹುಲ್ಲನ್ನು ಇಟ್ಟಿಗೆಯಾಕಾರದ ಪೆಂಡಿ ಕಟ್ಟುವ ಬೇಲರ್ ಹುಡುಕಿ. ಹುರಿ ಬರುವ ದಾರಿ ಹಿಡಿದು ಮೇಲಕ್ಕೆ ಹೋದರೆ ಅದು ಅಲ್ಲೇ ಇರುತ್ತದೆ.