ಕಂಕುಳು ಬಿಗಿದಾಗ ಕೈ ಎತ್ತಿಸಿದ್ದು ಹೀಗೆ

ಸ್ತನ ಕ್ಯಾನ್ಸರಿನ ಆಪರೇಷನ್ ಆದವರು ಉಡುಪಿಯ ನಮ್ಮ ಫಿಸಿಯೋಥೆರಪಿ ಕೋಣೆಗೆ ಬರುವಾಗ ಹೆಚ್ಚಿನವರು ಆ ಬದಿಯ ಕೈಯನ್ನು ಮೈಗೆ ಒತ್ತಿಕೊಂಡೇ ಬರುತ್ತಾರೆ. ಗಾಯದ ನೀರು ಹೊರಹಾಕುವ ಡ್ರೇನ್ ಟ್ಯೂಬ್ ಇರುವಷ್ಟು ದಿನ ಕೈ ಭುಜದ ಎತ್ತರ ದಾಟಿಸಬೇಡಿ ಎಂದು ವಾರ್ಡಿನಲ್ಲಿ ಹೇಳಿರುತ್ತಾರೆ. ಟ್ಯೂಬ್ ತೆಗೆದ ಮೇಲೂ ಮನೆಯವರು ಅದನ್ನೇ ಹಿಡಿದುಕೊಳ್ಳುತ್ತಾರೆ, ಪ್ರೀತಿಯಿಂದಲೇ. ಅಷ್ಟರಲ್ಲಿ ಭುಜ ಬಿಗಿದಿರುತ್ತದೆ.

ಶಂಕರಪುರ ಕಡೆಯ ಮಲ್ಲಿಗೆ ಬೆಳೆಗಾರರೊಬ್ಬರು ಕಂಕುಳಿನ ಗ್ರಂಥಿ ತೆಗೆಸಿಕೊಂಡು ಕೆಲವು ವಾರಗಳಾದ ಮೇಲೆ ಬಂದರು. "ಕೈ ಎತ್ತಿದ್ರೆ ಒಳಗಿಂದ ಎಳೀತದೆ ಮೇಡಂ, ಮೊಣಕೈವರೆಗೂ." ತೋಳನ್ನು ಮೆಲ್ಲ ಬದಿಗೆ ಸರಿಸಿದೆ. ಚರ್ಮದಡಿ ಬಾಳೆನಾರಿನಷ್ಟು ಸಪುರದ ಎರಡು ಎಳೆ ಎದ್ದು ನಿಂತವು, ಬೆರಳಿಗೂ ಸಿಕ್ಕವು. ಆಕ್ಸಿಲರಿ ವೆಬ್ ಸಿಂಡ್ರೋಮ್ ಅಂದರೆ ಇದೇ. ನಾವು ಕಾರ್ಡಿಂಗ್ ಅನ್ನುತ್ತೇವೆ. "ಇದು ಕ್ಯಾನ್ಸರ್ ಮರಳಿ ಬಂದದ್ದಲ್ಲ ಅಕ್ಕ" ಎಂದು ಮೊದಲು ಹೇಳಿದೆ. ಆ ಹೆದರಿಕೆ ಹೋಗದೆ ಯಾವ ಸ್ನಾಯುವೂ ಸಡಿಲ ಬಿಡುವುದಿಲ್ಲ.

ಅಂಗಾತ ಮಲಗಿಸಿ, ಎಳೆತ ಶುರುವಾಗುವಲ್ಲಿಗೆ ತೋಳು ನಿಲ್ಲಿಸಿದೆ. ಒಂದು ಕೈಯಲ್ಲಿ ಚರ್ಮ ಹಿಡಿದು, ಇನ್ನೊಂದರ ಹೆಬ್ಬೆರಳಿನಿಂದ ಎಳೆಯ ಉದ್ದಕ್ಕೂ ನಿಧಾನ ಹಿಗ್ಗಿಸಿದೆ. ಎಣ್ಣೆ ಹಾಕುವುದಿಲ್ಲ, ಹಿಡಿತ ಜಾರುತ್ತದೆ. ಜೋರಾಗಿ ತಿಕ್ಕುವುದಂತೂ ಬೇಡವೇ ಬೇಡ. ಮನೆಯಲ್ಲಿ ಗೋಡೆಯ ಮೇಲೆ ಬೆರಳು ಹತ್ತಿಸಿ, ಮುಟ್ಟಿದಲ್ಲಿ ಪೆನ್ಸಿಲ್ ಗುರುತು ಹಾಕಲು ಹೇಳಿದೆ. ತಡಮಾಡುವಂತಿರಲಿಲ್ಲ: ರೇಡಿಯೇಷನ್ ವೇಳೆ ತೋಳನ್ನು ತಲೆಯ ಮೇಲಿಟ್ಟು ಅಲ್ಲಾಡದೆ ಮಲಗಬೇಕು. ಗುರುತುಗಳು ಮೇಲೇರಿದವು, ರೇಡಿಯೇಷನ್ ಹೇಳಿದ ದಿನಕ್ಕೇ ಶುರುವಾಯಿತು.

ಕಂಕುಳಿನ ಗ್ರಂಥಿ ತೆಗೆಸಿಕೊಂಡವರ ಕೈಗೆ ಬರಬಹುದಾದ ಬಾವು ಬೇರೆ ವಿಷಯ. ಎರಡೂ ಕೈಗಳನ್ನು ಅದೇ ಜಾಗಗಳಲ್ಲಿ ಟೇಪಿನಿಂದ ಅಳೆಯುತ್ತೇನೆ. 2 ಸೆಂಟಿಮೀಟರ್ ವ್ಯತ್ಯಾಸ ಬಂದರೆ ಬ್ಯಾಂಡೇಜ್, ಸ್ಲೀವ್ (ತೋಳಿಗೆ ಹಾಕುವ ಬಿಗಿ ಚೀಲ) ಬಗ್ಗೆ ಯೋಚಿಸುತ್ತೇವೆ. ನಮ್ಮ ಸೆಕೆಗೆ ಸ್ಲೀವ್ ದೊಡ್ಡ ಕಷ್ಟ, ಮಳೆಗಾಲದಲ್ಲಿ ತೊಳೆದದ್ದು ಒಣಗುವುದೇ ಇಲ್ಲ. ಹಾಗಾಗಿ ಎರಡು ಇಟ್ಟುಕೊಳ್ಳಿ ಅನ್ನುತ್ತೇನೆ. ಕೈ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ, ಮಸಾಜ್ ನಿಲ್ಲಿಸಿ ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು.

ಆ ಮಲ್ಲಿಗೆ ಬೆಳೆಗಾರರ ಗಂಡ ಅವರಿಂದ ಹೂ ಕಟ್ಟುವುದನ್ನೂ ಬಿಡಿಸಿದ್ದರು. ಕೂತು ಮಾಡುವ ಆ ಕೆಲಸ ಮೊದಲು ವಾಪಸ್ ಕೊಡಿಸಿದೆ. ಭಾರ ಎತ್ತಿದರೆ ಬಾವು ಬರುತ್ತದೆಂಬ ಭಯ ಅವರಿಗೆ ಬಹಳ. ಬಾವು ಇದ್ದವರೂ ತರಬೇತಿಯಲ್ಲಿ ಸ್ವಲ್ಪಸ್ವಲ್ಪವೇ ಭಾರ ಹೆಚ್ಚಿಸಿದರೆ ಬಾವು ಜಾಸ್ತಿಯಾಗುವುದಿಲ್ಲ ಎಂದು 2009ರಲ್ಲೇ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಈಗ ಅವರು ಬಾವಿಯಿಂದ ಅರ್ಧ ಕೊಡಪಾನ ನೀರು ಸೇದುತ್ತಾರೆ. ಕೈ ಭಾರ ಅನಿಸಿದರೆ ತಾವೇ ಅಳೆದು ನನಗೆ ಫೋನ್ ಮಾಡುತ್ತಾರೆ.